ಹೊಸಬರ ಗುಂಡಿ ಮೊದಲು

"ಗುರುಗಳೇ, ಬಿಚ್ಚಲೇಬೇಕೆಂದು ಗೊತ್ತಿದ್ದೂ ವರ್ಷ ವರ್ಷ ಕಟ್ಟುವುದು ಯಾಕೆ? ಒಂದೇ ಸಲ ಗಟ್ಟಿಯಾಗಿ ಕಟ್ಟಿಬಿಟ್ಟರೆ ಆಗದೇ?"

ಕೇಳಿದವನು ಫಕೀರೇಶ. ಗುರುಗಳ ಹಂದರದ ಉಸ್ತುವಾರಿ ಅವನದು. ಬಿದಿರಿನ ಗಳ, ತೆಂಗಿನ ಗರಿ, ಕತ್ತದ ಹುರಿ, ಇಷ್ಟರಿಂದ ಎದ್ದು ನಿಂತ ಹಂದರ. ಸಂಜೆ ಓಣಿಯ ಜನ ಅಲ್ಲಿ ಸೇರುತ್ತಿದ್ದರು. ಕೆಲವರು ಪಾಠಕ್ಕೆ ಬರುತ್ತಿದ್ದರು, ಕೆಲವರು ಬರೀ ಗಾಳಿಗೆ. ಮಳೆಗಾಲಕ್ಕೆ ಮೊದಲು ಅದನ್ನು ಬಿಚ್ಚುವುದು, ಮಳೆ ಕಳೆದ ಮೇಲೆ ಮತ್ತೆ ಕಟ್ಟುವುದು ರೂಢಿ.

ಓಣಿ ಬದಲಾಗುತ್ತಿತ್ತು. ಎಡಗಡೆಯ ಹಂಚಿನ ಮನೆ ಹೋಗಿ ಮಹಡಿಗಳು ಎದ್ದಿದ್ದವು. ಬಲಗಡೆ ಪಾಯ ತೋಡುತ್ತಿದ್ದರು. ಗುರುಗಳಿಗೆ ವಯಸ್ಸಾಗಿತ್ತು. ಈ ಸಲ ಬಿಚ್ಚಿದ ಹಂದರ ಮತ್ತೆ ಏಳದೇ ಹೋದರೆ ಜಾಗವೂ ಹೋಯಿತು, ಪಾಠವೂ ಹೋಯಿತು ಎಂಬ ಭಯ ಫಕೀರೇಶನನ್ನು ಹಿಡಿದಿತ್ತು. ಅವನು ಗೌಂಡಿಗೆ ಹೇಳಿಬಿಟ್ಟಿದ್ದ. ಮರುದಿನ ಬೆಳಿಗ್ಗೆ ಸಿಮೆಂಟು ಬರುವುದಿತ್ತು. ಕಂಬ ನಿಲ್ಲಬೇಕಾದಲ್ಲೆಲ್ಲ ಅವನೇ ಸುಣ್ಣದ ಗೆರೆ ಎಳೆದಿದ್ದ. ಗೆರೆ ನೂಲು ಹಿಡಿದಷ್ಟು ನೇರ. ಹಂದರದ ಮೂಡಣ ದಿಕ್ಕಿನ ಒಂದು ಮೂಲೆ ಮಾತ್ರ, ಯಾರೋ ಆಮೇಲೆ ಅಂಟಿಸಿದಂತೆ, ವಕ್ರವಾಗಿ ಹೊರಗೆ ಚಾಚಿತ್ತು. ಅದು ಗೆರೆಯ ಆಚೆ ಉಳಿದಿತ್ತು.

ಗುರುಗಳು ಹೂಂ ಎಂದರೆ ಸಾಕಿತ್ತು. ಅವರು ಅನ್ನಲಿಲ್ಲ. ಫಕೀರೇಶ ಕೂತ, ಎದ್ದ, ಒಂದು ಗಳವನ್ನು ಅಲ್ಲಾಡಿಸಿ ನೋಡಿದ, ಮೂಡಣ ಮೂಲೆಯಲ್ಲಿ ಮತ್ತೆ ಕೂತ. ಓಣಿಗೆ ಬಂದ ಮೊದಲ ವರ್ಷದಿಂದಲೂ ಅವನು ಕೂರುತ್ತಿದ್ದ ಜಾಗ ಅದೇ.

"ಈಗ ಅಲ್ಲಾಡಬೇಡ" ಎಂದು ಗುರುಗಳು ಕತೆ ಹೇಳತೊಡಗಿದರು.

ಒಂದು ಪೇಟೆಯಲ್ಲಿ ಒಬ್ಬ ಪಾತ್ರೆ ವ್ಯಾಪಾರಿ ಇದ್ದ. ಅವನು ಹುಟ್ಟಿದ್ದು, ಬೆಳೆದದ್ದು, ಅಂಗಡಿ ಇಟ್ಟದ್ದು ಎಲ್ಲ ಒಂದೇ ಓಣಿಯಲ್ಲಿ. ಓಣಿಯ ನಡುವೆ ಒಂದು ಬಯಲಿತ್ತು. ಹಿಂದೆ ಅಲ್ಲಿ ಬಾವಿ ಇತ್ತಂತೆ. ಬತ್ತಿದ ಮೇಲೆ ಮುಚ್ಚಿದ್ದರು. ಜಾಗ ಯಾರೊಬ್ಬರದೂ ಅಲ್ಲ. ಬಿಸಿಲು ಏರುತ್ತಲೇ ಓಣಿಯ ಜನ ಅಲ್ಲಿ ಹಂದರ ಹಾಕುತ್ತಿದ್ದರು.

ಹಂದರಕ್ಕೆ ಮನೆಗೊಂದು ಗಳ. ಗಳ ಇದ್ದವನು ಓಣಿಯವನು. ಅವನ ಮಗಳ ಮದುವೆ ಅಲ್ಲೇ, ಅವನ ಮನೆಯಲ್ಲಿ ಸಾವಾದರೆ ದಿನಕರ್ಮದ ಊಟವೂ ಅಲ್ಲೇ. ಗಳ ಇಲ್ಲದವನು ನೆರಳಿಗೆ ಕೂರಬಹುದಿತ್ತು. ಹಂದರ ನಮ್ಮದು ಎನ್ನುವಂತಿರಲಿಲ್ಲ.

ಕಟ್ಟುವ ದಿನ ಎಲ್ಲರೂ ಗಳ ಹಿಡಿದು ಬಯಲಿನ ಅಂಚಿನಲ್ಲಿ ನಿಲ್ಲುವರು. ಓಣಿಗೆಲ್ಲ ಹಿರಿಯಳಾದ ಬಳೆಗಾರ ಮುದುಕಿ ನಡುವೆ ನಿಂತು ಕೇಳುವಳು: "ಈ ವರ್ಷ ಯಾರು ಬಂದ್ರಿ?" ಆ ವರ್ಷ ಓಣಿಗೆ ಹೊಸದಾಗಿ ಬಂದವರು, ಬಾಡಿಗೆಯವರಾದರೂ ಸರಿ, "ನಾನು ಬಂದೀನಿ" ಎಂದು ಮುಂದೆ ಬರಬೇಕು. ಅವರ ಗುಂಡಿ ಮೊದಲು. ಜಾಗವನ್ನು ಅವರೇ ತೋರಿಸಬೇಕು. ಆದರೆ ಹೊಸಬ ತನ್ನ ಗುಂಡಿಯನ್ನು ತಾನೇ ತೋಡುವಂತಿಲ್ಲ. ಹಳಬರು ತೋಡಿಕೊಡಬೇಕು. ಅವನ ಗಳ ನಿಂತ ಮೇಲೆ ಉಳಿದವರು ಅದಕ್ಕೆ ಹೊಂದಿಸಿಕೊಂಡು ತಮ್ಮ ತಮ್ಮ ಗಳ ನೆಡುವರು.

ಹೀಗಾಗಿ ಒಂದು ವರ್ಷ ಇದ್ದ ಹಂದರ ಇನ್ನೊಂದು ವರ್ಷ ಇರುತ್ತಿರಲಿಲ್ಲ. ಒಮ್ಮೆ ಉದ್ದ, ಒಮ್ಮೆ ಗಿಡ್ಡ, ಒಮ್ಮೆ ಮುದಿ ಎತ್ತಿನ ಬೆನ್ನಿನಂತೆ ಡೊಂಕು. ಬೇರೆ ಓಣಿಯವರು ನಗುತ್ತಿದ್ದರು. ಕುಡಿದು ಕಟ್ಟಿದ್ದೀರಾ ಎಂದು ಕೇಳುತ್ತಿದ್ದರು. ಮಳೆಗೆ ಮೊದಲು ಗಂಟು ಬಿಚ್ಚಿ ಅವರವರ ಗಳವನ್ನು ಅವರವರು ಮನೆಗೆ ಹೊತ್ತೊಯ್ಯುವರು. ಓಣಿ ಬಿಟ್ಟು ಹೋಗುವವನು ಗಳವನ್ನೂ ತೆಗೆದುಕೊಂಡು ಹೋಗುವನು.

ವ್ಯಾಪಾರಿಯ ಗಳ ಅವನ ತಂದೆಯದು. ಹಿಡಿದು ಹಿಡಿದು ನುಣುಪಾಗಿತ್ತು.

ಪೇಟೆ ಬೆಳೆಯಿತು. ಲಾರಿಗಳು ಬಂದವು. ಓಣಿಯ ಒಂದು ಮನೆ ಮಾರಾಟವಾಯಿತು, ಆಮೇಲೆ ಇನ್ನೊಂದು. ವ್ಯಾಪಾರಿಗೆ ಒಳಗೊಳಗೇ ಕಸಿವಿಸಿ ಶುರುವಾಯಿತು. ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಅವನು ಓಣಿಯ ಈ ತುದಿಯಿಂದ ಆ ತುದಿಗೆ ಒಮ್ಮೆ ನಡೆಯುತ್ತಿದ್ದ. ಯಾರ ಮನೆಯ ಮುಂದಾದರೂ ಮರಳು ಸುರಿದಿದ್ದರೆ, ಇಲ್ಲವೇ ಯಾರಾದರೂ ಗೋಡೆಗೆ ಟೇಪು ಹಿಡಿದಿದ್ದರೆ ಅಲ್ಲೇ ನಿಂತು, ಯಾಕೆ, ಏನು, ಎಷ್ಟು ದಿನ ಎಂದು ಕೇಳುತ್ತಿದ್ದ. ಅಂಗಡಿಯಲ್ಲಿ ಕೂತರೂ ಕಣ್ಣು ಬೀದಿಯ ಮೇಲೆ. ಗಿರಾಕಿ ಚೊಂಬು ಕೇಳಿದರೆ ತಟ್ಟೆ ಕೊಡುತ್ತಿದ್ದ.

ಅವನ ಪಕ್ಕದ ಮನೆಯವನು ಒಬ್ಬ ಬಣ್ಣಗಾರ. ನೂಲಿಗೆ ಬಣ್ಣ ಹಾಕುವವನು. ಹಂದರದಲ್ಲಿ ಇಬ್ಬರ ಗಳವೂ ಅಕ್ಕಪಕ್ಕ. ಒಬ್ಬ ಹಿಡಿದರೆ ಇನ್ನೊಬ್ಬ ಗಂಟು ಹಾಕುತ್ತಿದ್ದ. ಒಂದು ದಿನ ಬಣ್ಣಗಾರನ ಮನೆಯ ಮುಂದೆ ಗಾಡಿ ನಿಂತಿತು. ಸಾಮಾನೆಲ್ಲ ಏರಿದ ಮೇಲೆ ಅವನು ಒಳಗಿನಿಂದ ಗಳ ಹೊತ್ತು ತಂದ.

"ಅದನ್ನರೆ ಬಿಟ್ಟು ಹೋಗೋ" ಎಂದ ವ್ಯಾಪಾರಿ.

"ಬಿಟ್ಟು ಹೋದ್ರ ಏನ್ ಮಾಡ್ತಿ? ನನ್ನ ಬದ್ಲಿ ಅದರ ಕೂಡ ಜಗಳಾಡ್ತಿ ಏನು?"

"ಹೂಂ, ಆಡ್ತೀನಿ."

ಬಣ್ಣಗಾರ ನಕ್ಕ. ಗಳವನ್ನು ಗಾಡಿಗೆ ಕಟ್ಟಿ ಹೋದ. ಆ ವರ್ಷ ಹಂದರ ಕಟ್ಟುವಾಗ ವ್ಯಾಪಾರಿ ಒಬ್ಬನೇ ಗಳ ಹಿಡಿದು ಒಬ್ಬನೇ ಗಂಟು ಹಾಕಲು ಹೋದ. ಗಂಟು ಜಾರಿತು.

ಆಗ ಅವನಿಗೆ ತನ್ನ ಕಸುಬು ನೆನಪಿಗೆ ಬಂತು. ಪಾತ್ರೆ ಮಾರುವಾಗ ಅವನು ಅದರ ಮೇಲೆ ಮನೆಯವರ ಹೆಸರು ಕೊರೆದು ಕೊಡುತ್ತಿದ್ದ. ಮದುವೆಗೆಂದು ಊರೆಲ್ಲ ಸುತ್ತಿದ ಕೊಳಗ, ಹೆಸರಿದ್ದರೆ, ಕೊನೆಗೆ ಮನೆಗೇ ಬರುತ್ತಿತ್ತು. ಹೆಸರಿಲ್ಲದ್ದು ಯಾರದೋ ಅಡುಗೆಮನೆ ಸೇರುತ್ತಿತ್ತು. ಹೆಸರು ಕೊರೆದದ್ದು ಕಳೆಯುವುದಿಲ್ಲ. ಇದು ಅವನು ಜೀವಮಾನವಿಡೀ ಕಣ್ಣಾರೆ ಕಂಡ ಸತ್ಯ.

ಅವನು ಓಣಿಯವರನ್ನು ಸೇರಿಸಿದ. ಹಂದರ ಬಿಚ್ಚುವುದು ಇನ್ನು ಬೇಡ ಎಂದ. ಕಬ್ಬಿಣದ ಕಂಬ ನಿಲ್ಲಿಸೋಣ, ಬುಡಕ್ಕೆ ಕಾಂಕ್ರೀಟು ಹಾಕೋಣ, ಮೇಲೆ ತಗಡು ಹೊದಿಸೋಣ. ಪ್ರತಿ ಕಂಬಕ್ಕೂ ಹಿತ್ತಾಳೆಯ ಫಲಕ ಹೊಡೆದು ಅದರ ಮೇಲೆ ಒಂದೊಂದು ಮನೆಯ ಹೆಸರು ನಾನೇ ಕೊರೆಯುತ್ತೇನೆ. ಹೋದವರ ಹೆಸರೂ ಇರಲಿ. ಕಂಬದ ಮೇಲೆ ಹೆಸರು ಹೊಳೆಯುತ್ತಿರುವಾಗ ಯಾರಿಗೆ ಓಣಿ ಬಿಡುವ ಮನಸ್ಸು ಬರುತ್ತದೆ? ಹೋದವರೂ ಮರಳುತ್ತಾರೆ.

ಎಲ್ಲರಿಗೂ ಮಾತು ಹಿಡಿಸಿತು. ವರ್ಷ ವರ್ಷ ಗರಿ ಹೊರುವ ಕೆಲಸ ತಪ್ಪಿತಲ್ಲ ಎಂದು ಕೆಲವರಿಗೆ ಇನ್ನೂ ಹಿಡಿಸಿತು. ಬಳೆಗಾರ ಮುದುಕಿ ಮಾತ್ರ ಬಯಲನ್ನು ಒಂದು ಸುತ್ತು ಹಾಕಿ ಬಂದಳು.

"ಎಲ್ಲಾ ಚೆಂದ ಐತಿ. ಹೊಸಬರ ಗುಂಡಿ ಎಲ್ಲಿ?"

"ಆಯಿ, ಇರೋರನ್ನ ಹಿಡಿಯೋದ ಕಷ್ಟ ಆಗೇತಿ. ಬರದವರ ಗುಂಡಿ ಕಟಗೊಂಡು ಏನ್ ಮಾಡ್ತಿ?" ಎಂದ ವ್ಯಾಪಾರಿ.

ಜನ ನಕ್ಕರು. ಮುದುಕಿ ಬಳೆಯ ಮಲಾರ ಹೊತ್ತು ಹೋದಳು.

ಕಂಬಗಳು ನಿಂತವು. ಸಾಲು ನೇರ, ಅಂತರ ಸಮ, ಎಲ್ಲಿಯೂ ಒಂದು ಬೆರಳಿನ ಓರೆ ಇಲ್ಲ. ಬೇರೆ ಓಣಿಯವರು ಬಂದು ನೋಡಿದರು. ಈ ಸಲ ನಗಲಿಲ್ಲ. ಜನ ತಮ್ಮ ಗಳಗಳನ್ನು ಸೀಳಿ ಬಚ್ಚಲ ಒಲೆಗೆ ಹಾಕಿದರು. ವ್ಯಾಪಾರಿಯ ಗಳ ಮಾತ್ರ ಉಳಿಯಿತು. ಹಿತ್ತಲಲ್ಲಿ ಸೀರೆ ಒಣಹಾಕಲು ಬೇಕು ಎಂದು ಅವನ ಹೆಂಡತಿ ಕೊಡಲಿಲ್ಲ.

ಮುಂದಿನ ಬೇಸಿಗೆ ಬಂತು. ಹಂದರ ಆಗಲೇ ನಿಂತಿತ್ತು. ಆದ್ದರಿಂದ ಯಾರೂ ಗಳ ಹಿಡಿದು ಬರಲಿಲ್ಲ. ಈ ವರ್ಷ ಯಾರು ಬಂದ್ರಿ ಎಂದು ಯಾರೂ ಕೇಳಲಿಲ್ಲ. ವ್ಯಾಪಾರಿ ದಿನವೂ ಬೆಳಿಗ್ಗೆ ಫಲಕಗಳಿಗೆ ಹುಣಸೆಹಣ್ಣು ತಿಕ್ಕಿ ಹೊಳಪು ಮಾಡುತ್ತಿದ್ದ. ಮಾಡುತ್ತ ಮಾಡುತ್ತ ಬೀದಿಯ ಕಡೆ ನೋಡುತ್ತಿದ್ದ. ಮರಳು ಬೀಳುವುದು ನಿಲ್ಲಲಿಲ್ಲ. ಗಾಡಿ ಬರುವುದೂ ನಿಲ್ಲಲಿಲ್ಲ. ಹೋಗುವವರು ಈಗ ಬರಿಗೈಯಲ್ಲಿ ಹೋಗುತ್ತಿದ್ದರು. ಒಯ್ಯುವುದಕ್ಕೆ ಗಳವಿರಲಿಲ್ಲ.

ಖಾಲಿಯಾದ ಮನೆಗಳಿಗೆ ಹೊಸಬರು ಬಂದರು. ಲಾರಿ ಓಡಿಸುವವರು, ಹೊಲಿಗೆಯವರು, ಬೇರೆ ಸೀಮೆಯಿಂದ ಬಂದು ಇಲ್ಲಿಯ ಮಾತು ಅರ್ಧಂಬರ್ಧ ಕಲಿತವರು. ಅವರಲ್ಲಿ ರೊಟ್ಟಿ ಬಡಿದು ಮಾರುವ ಹೆಂಗಸೊಬ್ಬಳಿದ್ದಳು. ಬಳೆಗಾರ ಮುದುಕಿ ಅವಳಿಗೆ ಬಳೆ ಇಡಿಸುವಾಗ ಹಳೆಯ ರೂಢಿಯನ್ನು ಹೇಳಿದ್ದಳೆಂದು ಕಾಣುತ್ತದೆ. ಒಂದು ಬೆಳಿಗ್ಗೆ ಹೊಸಬರೆಲ್ಲ ಹೆಗಲ ಮೇಲೆ ಒಂದೊಂದು ಬಿದಿರಿನ ಗಳ ಹೊತ್ತು ಬಯಲಿಗೆ ಬಂದರು.

ವ್ಯಾಪಾರಿ ಫಲಕ ತಿಕ್ಕುತ್ತಿದ್ದ.

"ಸಾವ್ಕಾರ್ರ, ಗಳ ತಂದೀವ್ರಿ" ಎಂದಳು ರೊಟ್ಟಿಯವಳು. "ಎಲ್ಲಿ ನೆಡೋಣು?"

ವ್ಯಾಪಾರಿ ಸುತ್ತ ನೋಡಿದ. ಕಂಬಗಳು ಎಲ್ಲ ಇದ್ದವು. ಎಲ್ಲದರ ಮೇಲೂ ಹೆಸರಿತ್ತು.

"ಜಾಗ ಇಲ್ಲವ್ವಾ. ಎಲ್ಲಾ ಕಂಬಕ್ಕೂ ಮಂದಿ ಅದಾರ."

"ಮಂದಿ ಎಲ್ಲದಾರ್ರಿ? ಬರೇ ತಗಡು ಕಾಣತೈತಿ."

"ಬರ್ತಾರ. ಹೆಸರು ಇದ್ದವರು ಬಂದಽ ಬರ್ತಾರ. ನೀವು ನೆರಳಿಗೆ ಕೂಡ್ರಿ, ಯಾರು ಬ್ಯಾಡ ಅಂತಾರ?"

ಅವರು ಕೂರಲಿಲ್ಲ. ಜಗಳವನ್ನೂ ಆಡಲಿಲ್ಲ. ಬೀದಿ ದಾಟಿ ಆಚೆಗಿದ್ದ ಒಂದು ಮುರುಕು ಗೋಡೆಯ ಪಕ್ಕ ತಮ್ಮ ಗಳ ನೆಟ್ಟು, ಮೇಲೆ ಗರಿ, ಗೋಣಿ, ಹಳೆಯ ಸೀರೆ ಏನೇನೋ ಹೊದಿಸಿದರು. ಡೊಂಕು ಹಂದರ. ಅದರ ಕೆಳಗೆ ರೊಟ್ಟಿಯ ಸಪ್ಪಳ ಶುರುವಾಯಿತು.

ಕೆಲವು ಬೇಸಿಗೆ ಕಳೆದ ಮೇಲೆ ಬಯಲಿನ ಮೇಲೆ ಹಾದು ಹೋಗುವಂತೆ ಹೊಸ ರಸ್ತೆ ಬರುತ್ತದೆಂದು ಸುದ್ದಿ ಹಬ್ಬಿತು. ಅಳತೆಯವನೊಬ್ಬ ಬಂದ. ಕಟುಕನೇನಲ್ಲ. ಅಳತೆಯ ಸರಪಳಿ ಕೆಳಗಿಟ್ಟು ವ್ಯಾಪಾರಿ ಕೊಟ್ಟ ನೀರು ಕುಡಿದ.

"ಇದು ಯಾರದು?"

"ಓಣಿಯವರದು."

"ಹಾಗಾದರೆ ಬರುವ ಸೋಮವಾರ ಓಣಿಯವರೆಲ್ಲ ಬಂದು ಇದರ ಕೆಳಗೆ ನಿಲ್ಲಲಿ. ಇದು ನಮ್ಮದು, ನಮಗೆ ಬೇಕು ಎಂದು ಹೇಳಲಿ. ಹತ್ತು ಜನ ನಿಂತ ಜಾಗ ಬಿಟ್ಟು ರಸ್ತೆ ತುಸು ಬಳಸಿ ಹೋದರೆ ನನ್ನ ಗಂಟೇನೂ ಹೋಗುವುದಿಲ್ಲ. ಖಾಲಿ ಇದ್ದರೆ ಮಾತ್ರ ನಾನು ಏನೂ ಮಾಡಲಾರೆ."

ವ್ಯಾಪಾರಿಗೆ ಜೀವ ಬಂತು. ಇದೇ ದಿನಕ್ಕಾಗಿ ತಾನು ಹೆಸರು ಕೊರೆದದ್ದು ಎನಿಸಿತು. ಅಂಗಡಿ ಮುಚ್ಚಿ ಪೇಟೆಯ ಮೂಲೆ ಮೂಲೆಗೆ ಹೋಗಿ ಹೆಸರಿದ್ದವರನ್ನೆಲ್ಲ ಹುಡುಕಿದ. ಎಲ್ಲರೂ ಕೂರಿಸಿದರು, ಚಹಾ ಕೊಟ್ಟರು, ಹಳೆಯ ಹಂದರದ ಮಾತು ಬಂದಾಗ ಕಣ್ಣು ಒರೆಸಿಕೊಂಡವರೂ ಇದ್ದರು. ಸೋಮವಾರ ಎಂದರೆ ಮಾತ್ರ ಒಬ್ಬನಿಗೆ ಅಂಗಡಿ, ಒಬ್ಬನಿಗೆ ಬೀಗರು. ಕೊನೆಗೆ ಅವನು ಬಣ್ಣಗಾರನ ಮನೆಗೆ ಹೋದ.

"ನೀನರೆ ಬಾರೋ."

"ನಾ ಬಂದು ಏನ್ ಮಾಡ್ಲಿ?" ಎಂದ ಬಣ್ಣಗಾರ. ಅವನ ಮಾತಿನಲ್ಲಿ ಕೊಂಕಿರಲಿಲ್ಲ. "ನನ್ನ ಹೆಸರು ಅಲ್ಲೈತೆಲ್ಲ. ನನ್ನ ಬದ್ಲಿ ಅದಽ ನಿಂದರ್ತೈತಿ ಬಿಡು."

ವ್ಯಾಪಾರಿ ಮರಳಿ ನಡೆದ. ದಾರಿಯಲ್ಲಿ ಒಬ್ಬಳು ಸೊಂಟದ ಮೇಲೆ ದೊಡ್ಡ ಕೊಳಗ ಇಟ್ಟುಕೊಂಡು ಯಾರದೋ ಮನೆಗೆ ಹಿಂದಿರುಗಿಸಲು ಹೊರಟಿದ್ದಳು. ಕೊಳಗದ ಕಂಠದ ಮೇಲೆ ಅವನೇ ಕೊರೆದ ಹೆಸರಿತ್ತು. ಅವನು ಹೆಸರನ್ನು ನೋಡಲಿಲ್ಲ. ಹೊತ್ತವಳನ್ನು ನೋಡಿದ. ಕೊಳಗವನ್ನು ಮನೆಗೆ ಮುಟ್ಟಿಸುತ್ತಿದ್ದವಳು ಅವಳು. ಅಷ್ಟು ವರ್ಷ ಅವನ ಲೆಕ್ಕಕ್ಕೆ ಬಾರದೇ ಉಳಿದವಳೂ ಅವಳೇ.

ಸೋಮವಾರ ಬಂತು. ಕಂಬಗಳ ನಡುವೆ ವ್ಯಾಪಾರಿ ಇದ್ದ, ಕಾಲು ನೋವಿನ ಇಬ್ಬರು ಮುದುಕರಿದ್ದರು. ಅವನಿಗೆ ನಿಲ್ಲಲಾಗಲಿಲ್ಲ. ಈ ಕಂಬದಿಂದ ಆ ಕಂಬಕ್ಕೆ, ಆ ಕಂಬದಿಂದ ಈ ಕಂಬಕ್ಕೆ ತಿರುಗಿದ. ದೂರದಲ್ಲಿ ಸರಪಳಿಯ ಸದ್ದು ಕೇಳಿಸಿದಾಗ ಅವನು ಬೀದಿ ದಾಟಿ ಓಡಿದ.

"ಬರ್ರಿ. ಎಲ್ಲಾರೂ ಬರ್ರಿ. ಒಂದ್ ಗಳಿಗಿ ನಿಂದ್ರಿ ಸಾಕು."

ರೊಟ್ಟಿಯವಳು ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಎದ್ದಳು. ಅವಳ ಹಿಂದೆ ಹೊಲಿಗೆಯವನು ಎದ್ದ, ಲಾರಿಯವರು ಎದ್ದರು. ಎಲ್ಲರೂ ಬಂದು ತಗಡಿನ ಕೆಳಗೆ ನಿಂತರು. ಯಾರೂ ಹಳೆಯ ಮಾತು ಎತ್ತಲಿಲ್ಲ.

ಅಳತೆಯವನು ಜನರನ್ನು ನೋಡಿ ಸಮಾಧಾನದ ಮುಖ ಮಾಡಿದ. ರೊಟ್ಟಿಯವಳನ್ನೇ ಕೇಳಿದ.

"ಏನಮ್ಮ, ಈ ಹಂದರ ನಿಮ್ಮದೇ?"

ಅವಳು ವ್ಯಾಪಾರಿಯ ಮುಖ ನೋಡಿದಳು. ಪಕ್ಕದ ಕಂಬದ ಫಲಕವನ್ನು ನೋಡಿದಳು. ಅದು ಬಣ್ಣಗಾರನದು.

"ಸುಳ್ಳ್ಯಾಕ ಹೇಳ್ಲಿ ಸಾಹೇಬ್ರ. ನಮ್ದು ಆ ಕಡೆ ಐತಿ" ಎಂದು ಬೀದಿಯ ಆಚೆ ಕೈ ತೋರಿಸಿದಳು. "ಇದು ಇವರದು. ಇವರು ಕರದ್ರು ಅಂತ ಬಂದೀವಿ."

ಅಳತೆಯವನು ವ್ಯಾಪಾರಿಯ ಕಡೆ ತಿರುಗಿ, ಅವನು ಏನಾದರೂ ಹೇಳಲೆಂದು ಕಾದ. ವ್ಯಾಪಾರಿ ಫಲಕದ ಕಡೆ ನೋಡಿದ. ಅಳತೆಯವನು ಸರಪಳಿ ಎತ್ತಿಕೊಂಡ.

ಕಂಬಗಳು ಕಿತ್ತು ಬರಲಿಲ್ಲ. ಬುಡದಲ್ಲೇ ಕೊಯ್ಯಬೇಕಾಯಿತು. ಫಲಕಗಳನ್ನು ವ್ಯಾಪಾರಿ ಒಂದು ಗೋಣಿಯಲ್ಲಿ ತುಂಬಿ ಅಂಗಡಿಯ ಮೂಲೆಯಲ್ಲಿಟ್ಟ. ಯಾರೂ ಕೇಳಿಕೊಂಡು ಬರಲಿಲ್ಲ. ರಸ್ತೆ ಅಗಲವಾಯಿತು. ಅದರ ಆಚೆ, ಮುರುಕು ಗೋಡೆಯನ್ನೂ ಒಡೆದಿದ್ದರು. ಡೊಂಕು ಹಂದರದವರು ಮುಂಜಾನೆ ಗಂಟು ಬಿಚ್ಚಿ, ಗಳ ಹೊತ್ತು ಹತ್ತು ಮಾರು ಹಿಂದೆ ಸರಿದು, ಮಧ್ಯಾಹ್ನದ ಊಟಕ್ಕೆ ಅದರ ಕೆಳಗೇ ಕೂತಿದ್ದರು.

ಮುಂದಿನ ಬೇಸಿಗೆಯ ಒಂದು ಬೆಳಿಗ್ಗೆ ವ್ಯಾಪಾರಿ ಹಿತ್ತಲಿಗೆ ಹೋಗಿ ಒಣಹಾಕಿದ ಸೀರೆಗಳನ್ನು ತೆಗೆದು ಮಡಚಿಟ್ಟ. ಹೆಂಡತಿ ನೋಡುತ್ತ ನಿಂತಳು. ಅವನು ಗಳವನ್ನು ತೊಳೆದು, ಹೆಗಲ ಮೇಲೆ ಇಟ್ಟುಕೊಂಡು ರಸ್ತೆ ದಾಟಿದ.

ಅಲ್ಲಿ ಜನ ಗಳ ಹಿಡಿದು ನಿಂತಿದ್ದರು. ಅವನು ಎಲ್ಲರ ಹಿಂದೆ ನಿಂತ. ಬಳೆಗಾರ ಮುದುಕಿ ನಡುವೆ ಕೂತಿದ್ದಳು. ಅವಳಿಗೆ ಈಗ ಕಣ್ಣು ಕಾಣುತ್ತಿರಲಿಲ್ಲ. ತಲೆ ಎತ್ತಿ ಎಂದಿನಂತೆ ಕೇಳಿದಳು.

"ಈ ವರ್ಷ ಯಾರು ಬಂದ್ರಿ?"

ಯಾರೂ ಮುಂದೆ ಬರಲಿಲ್ಲ. ಆ ವರ್ಷ ಹೊಸಬರು ಯಾರೂ ಇದ್ದಂತೆ ಕಾಣಲಿಲ್ಲ.

ವ್ಯಾಪಾರಿ ಆ ಪ್ರಶ್ನೆಯನ್ನು ಹುಟ್ಟಿದಾಗಿನಿಂದ ಕೇಳಿದ್ದ. ಹೊಸಬರಿಗೆಂದು ಗುಂಡಿ ತೋಡಿದ್ದ. ಉತ್ತರ ಕೊಡುವ ಪ್ರಸಂಗ ಅವನಿಗೆ ಒಮ್ಮೆಯೂ ಬಂದಿರಲಿಲ್ಲ. ಅವನು ಒಂದು ಹೆಜ್ಜೆ ಮುಂದೆ ಬಂದ.

"ನಾನು ಬಂದೀನಿ" ಎಂದ.

ಮುದುಕಿ ದನಿ ಗುರುತು ಹಿಡಿದಳು.

"ಎಲ್ಲಿಂದ ಬಂದಿಯಪಾ?"

"ರಸ್ತೆಯ ಆ ಕಡೆಯಿಂದ."

"ದೂರದಿಂದ ಬಂದಿ. ಹಂಗಾದ್ರ ನಿನ್ನ ಗುಂಡಿ ಮೊದಲು. ಎಲ್ಲಿ ಬೇಕು ತೋರ್ಸು."

ಅವನು ಹಾರೆಗೆ ಕೈ ಚಾಚಿದ. ರೊಟ್ಟಿಯವಳು ಅವನ ಕೈ ಸರಿಸಿದಳು.

"ಹೊಸಬರು ಮುಟ್ಟಂಗಿಲ್ರಿ ಸಾವ್ಕಾರ್ರ. ಸುಮ್ನ ನಿಂದ್ರಿ" ಎಂದು ತಾನೇ ಮೊದಲ ಪೆಟ್ಟು ಹಾಕಿದಳು.

ಗುರುಗಳು ಕತೆ ನಿಲ್ಲಿಸಿದರು. ಬಲಗಡೆಯ ಪಾಯದಲ್ಲಿ ಯಾರೋ ಕಲ್ಲು ಇಳಿಸುತ್ತಿದ್ದರು.

ಫಕೀರೇಶನಿಗೆ ಕತೆ ಅರ್ಥವಾಗಿತ್ತು. ಆದರೂ ಭಯ ಇಳಿದಿರಲಿಲ್ಲ. "ವ್ಯಾಪಾರಿ ಹೊಸಬರಿಗೆ ಜಾಗ ಉಳಿಸಲಿಲ್ಲ, ಅದು ಅವನ ತಪ್ಪು" ಎಂದ. "ನಾನು ಯಾರನ್ನೂ ಹೊರಗೆ ಬಿಟ್ಟಿಲ್ಲ, ಗುರುಗಳೇ. ಬರುವವರಿಗೂ ಒಳಗೆ ಜಾಗ ಇದೆ. ಎಲ್ಲರನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಗೆರೆ ಎಳೆದಿದ್ದೇನೆ. ಈ ಒಂದು ವಕ್ರ ಮೂಲೆಯನ್ನು ಮಾತ್ರ ಬಿಟ್ಟಿದ್ದೇನೆ. ಇದು ಯಾವುದಕ್ಕೂ ಹೊಂದುವುದಿಲ್ಲ. ಯಾರು, ಯಾಕೆ ಮೊದಲು ಹೀಗೆ ಕಟ್ಟಿದರೋ ತಿಳಿಯದು."

ಗುರುಗಳು ಗೆರೆಯನ್ನು ನೋಡಿದರು. ಅದು ಫಕೀರೇಶನ ಮೊಣಕಾಲಿನ ಮುಂದೆ ನೇರವಾಗಿ ಹಾದು ಹೋಗಿತ್ತು.

"ಅದನ್ನು ಮೊದಲು ಹಾಗೆ ಕಟ್ಟಿದ್ದು ನೀನು ಬಂದ ವರ್ಷ" ಎಂದರು.